ಏನೂ ಬೇಡವೆಂದ ಡಾಕ್ಟರಮ್ಮ

ಸಂಶಯ ಪಡುವುದು ಕೆಟ್ಟ ಗುಣ ಎಂದು ಹೇಳುವ ಬಹಳ ಜನರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಶಾಸಕರ ಪಿ.ಎ. ಆಗಿ ಕೆಲಸ ಮಾಡಿದವರಲ್ಲ. ದರ್ಜಿಗೆ ಕತ್ತರಿ ಹೇಗೋ ನನಗೆ ಸಂಶಯ ಹಾಗೆ. ಅದಿಲ್ಲದೆ ನನ್ನ ಕಸುಬು ಒಂದು ದಿನವೂ ನಡೆಯುವುದಿಲ್ಲ. ನಮ್ಮ ಸಾಹೇಬರ ಕ್ಷೇತ್ರ ಯಾವುದೆಂದು ಮಾತ್ರ ಕೇಳಬೇಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ಸೀಮೆಯಲ್ಲೇ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಒಂದು ಹೆಸರು ಹೇಳಿದೆನೆಂದರೆ ಹೇಳಿದ ಊರಿನವರು ‘ನಮ್ಮನ್ನ ಯಾಕ ಹಿಡಿದಿ’ ಎನ್ನುತ್ತಾರೆ, ಉಳಿದ ಊರಿನವರು ‘ನಮ್ಮನ್ನ ಯಾಕ ಬಿಟ್ಟಿ’ ಎನ್ನುತ್ತಾರೆ.

ಸಾಹೇಬರ ಕಚೇರಿಗೆ ಬರುವವರು ತಮಗೆ ಬೇಕಾದದ್ದನ್ನು ನೇರವಾಗಿ ಹೇಳಿದ್ದು ನನಗೆ ನೆನಪಿಲ್ಲ. ‘ಸಾಹೇಬ್ರ ಮಕ ನೋಡಿ ಹೋಗೋಣಂತ ಬಂದೆ’ ಎಂದವನಿಗೆ ಅಳಿಯನ ವರ್ಗಾವಣೆ ಆಗಬೇಕಿರುತ್ತದೆ. ಮದುವೆ ಕಾರ್ಡು ಕೊಡಲು ಬಂದವನಿಗೆ ಮದುವೆಗೆ ಮೊದಲು ಮನೆಯ ಮುಂದಿನ ರಸ್ತೆ ಆಗಬೇಕಿರುತ್ತದೆ. ಒಮ್ಮೆ ಒಬ್ಬ ಹಿರಿಯರು ಒಂದು ದೊಡ್ಡ ಕುಂಬಳಕಾಯಿ ತಂದು ನನ್ನ ಮೇಜಿನ ಮೇಲಿಟ್ಟು, ‘ಪ್ರೀತಿಗೆ ತಂದೀನಿ’ ಎಂದಷ್ಟೇ ಹೇಳಿ ಹೋಗಿಬಿಟ್ಟರು. ಆ ಕಾಯಿಯನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಅದು ಕೊಳೆಯಲು ಶುರುವಾದ ದಿನ ಅವರು ಮತ್ತೆ ಬಂದು ಬೋರ್‌ವೆಲ್ ಕೇಳಿದರು. ನನಗೆ ಆಗ ಎಷ್ಟು ಸಮಾಧಾನವಾಯಿತೆಂದರೆ, ಅರ್ಜಿಯನ್ನು ನಾನೇ ಬರೆದುಕೊಟ್ಟೆ.

ಈ ಚಾಳಿ ಮನೆಗೂ ಬಂದಿದೆ. ಚಹಾದಲ್ಲಿ ಶುಂಠಿ ಹೆಚ್ಚಾಗಿ ಬಿದ್ದಿದ್ದರೆ, ‘ನಿಮ್ಮ ತವರುಮನಿಯಿಂದ ಯಾರು ಬರಾಕತ್ಯಾರ?’ ಎಂದು ಕೇಳುತ್ತೇನೆ. ನನ್ನ ಹೆಂಡತಿ ಶಮೀಮ್, ‘ನಿಮ್ಮ ಮನಸ್ಸಿನಾಗ ಒಂದು ಪೊಲೀಸ್ ಠಾಣೆ ಐತಿ’ ಎಂದು ಬೈಯುತ್ತಾಳೆ. ಸಂಜೆಗೆ ಅವಳ ಅಣ್ಣ ಬಂದೇ ಬರುತ್ತಾನೆ.

ಇಂಥ ನನ್ನ ಮುಂದೆ ಒಂದು ದಿನ ಡಾಕ್ಟರ್ ಸುಜಾತಾ ಬಂದು ಕುಳಿತರು. ಡಾಕ್ಟರು ಎಂದರೆ ಸೂಜಿ ಮಾಡುವ ಡಾಕ್ಟರಲ್ಲ. ಜನ ಯಾಕೆ ಕಾಯಿಲೆ ಬೀಳುತ್ತಾರೆ, ಬಿದ್ದವರು ಯಾಕೆ ದವಾಖಾನೆಗೆ ಹೋಗುವುದಿಲ್ಲ ಎಂದು ಸಂಶೋಧನೆ ಮಾಡುವವರು. ಶ್ರೀರಾಮನಗರದ ಕಡೆಯವರು, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ತೆಲುಗು ಮನೆತನ. ಕೈಯಲ್ಲಿ ಎರಡು ಹಾಳೆ ಇದ್ದವು.

‘ಏನಾಗಬೇಕಿತ್ರಿ?’ ಎಂದೆ.

‘ಏನೂ ಬ್ಯಾಡ್ರಿ. ಸಾಹೇಬ್ರು ಈ ಎರಡು ಹಾಳಿ ಓದಿದ್ರ ಸಾಕು.’

‘ಓದಿ ಏನು ಮಾಡಬೇಕ್ರಿ?’

‘ಓದಿದ ಮ್ಯಾಲೆ ಅವರಿಗೆ ಏನು ಸರಿ ಅನಸ್ತೈತೋ ಅದನ್ನ ಮಾಡ್ಲಿ.’

ಇಷ್ಟು ವರ್ಷಗಳಲ್ಲಿ ಇಂಥ ಮಾತನ್ನು ಆ ಕಚೇರಿಯಲ್ಲಿ ಯಾರೂ ಆಡಿರಲಿಲ್ಲ. ಏನೋ ಬೇಕೆನ್ನುವವನನ್ನು ಸಂಭಾಳಿಸಬಹುದು. ಏನೂ ಬೇಡವೆನ್ನುವವರಿಗೆ ಬೇಕಾಗಿರುವುದು ಬಹಳ ದೊಡ್ಡದೇ ಇರಬೇಕು.

ವಿಷಯ ಇಷ್ಟು. ಆ ಹೊತ್ತಿಗೆ ನಮ್ಮ ಸಾಹೇಬರು ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಿ ಇನ್ನೊಂದು ಕಟ್ಟಡ ಕಟ್ಟಿಸಬೇಕೆಂದು ಹೊರಟಿದ್ದರು. ಸರ್ಕಾರಕ್ಕೆ ಪತ್ರ ಬರೆಯುವುದು, ಅಧಿವೇಶನದಲ್ಲಿ ಮಾತನಾಡುವುದು ಎರಡೂ ಬಾಕಿ ಇದ್ದವು. ಈ ಡಾಕ್ಟರಮ್ಮ ಮತ್ತು ಅವರ ಜೊತೆಯವರು ಹಳ್ಳಿಹಳ್ಳಿ ತಿರುಗಿ, ಜನ ಸರಕಾರಿ ದವಾಖಾನೆ ಬಿಟ್ಟು ಡಿಗ್ರಿಯೇ ಇಲ್ಲದ ಸೂಜಿ ಡಾಕ್ಟರುಗಳ ಬಳಿ ಯಾಕೆ ಹೋಗುತ್ತಾರೆಂದು ವಿಚಾರಿಸಿದ್ದರು.

‘ಅದಕ್ಕ ಸಂಶೋಧನಿ ಯಾಕ್ರಿ? ಮಂದಿಗೆ ತಿಳುವಳಿಕಿ ಇಲ್ಲ, ಅಷ್ಟ’ ಎಂದೆ.

‘ನಾನೂ ಹಂಗ ಅನ್ಕೊಂಡಿದ್ದೆನಂಡಿ’ ಎಂದು ತೆಲುಗಿನ ‘ಅಂಡಿ’ ಸೇರಿಸಿ ನಕ್ಕರು. ‘ತಿಳುವಳಿಕಿ ಐತ್ರಿ. ಹೊತ್ತು ಇಲ್ಲ. ಕೂಲಿಗೆ ಹೋಗೋ ಮಂದಿ ಮನಿಗೆ ಬರೂದರಾಗ ಹಳ್ಳಿ ದವಾಖಾನಿ ಬಾಗಲಾ ಹಾಕಿರ್ತೈತಿ. ದಿನಾ ಸಂಜಿಮುಂದ ಒಂದೆರಡು ತಾಸು ತೆರೆದಿಟ್ರ ಭಾಳ ಮಂದಿ ಬರಬಹುದು. ಹೊಸಾ ಕಟ್ಟಡಕ್ಕಿಂತ ಮೊದಲ ಇದನ್ನ ಸಾಹೇಬ್ರು ವಿಚಾರ ಮಾಡ್ಲಿ ಅಂತ ನಮ್ಮ ಆಸೆ.’

‘ಸಾಹೇಬ್ರು ಊರಾಗಿಲ್ರಿ, ನಾಳಿ ಬರ್ರಿ’ ಎಂದೆ. ಸಾಹೇಬರು ಒಳಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ವಾಸನೆ ಹೊರಗೂ ಬರುತ್ತಿತ್ತು. ಡಾಕ್ಟರಮ್ಮ ಹಾಳೆಗಳನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಎದ್ದು ಹೋದರು. ಅದೂ ನನಗೆ ಸಂಶಯವೇ ಆಯಿತು.

ಮರುದಿನ ಬಂದರು. ಅದರ ಮುಂದಿನ ವಾರವೂ ಬಂದರು. ಅಷ್ಟರಲ್ಲಿ ನನ್ನ ತನಿಖೆ ಶುರುವಾಗಿತ್ತು. ಮೊದಲು ಅನಿಸಿದ್ದು, ಈಕೆ ಮುಂದಿನ ಚುನಾವಣೆಗೆ ಟಿಕೆಟ್ ಕೇಳುತ್ತಾರೆ ಎಂದು. ಹಳ್ಳಿಹಳ್ಳಿ ತಿರುಗಿ ಹೆಂಗಸರ ಜೊತೆ ಮಾತಾಡಿದ್ದಾರೆಂದರೆ ಮತ್ತೇನು? ಆಮೇಲೆ ಔಷಧ ಕಂಪನಿಯವರು ಕಳಿಸಿರಬೇಕು ಅನಿಸಿತು. ಸಂಜೆಯೂ ದವಾಖಾನೆ ತೆರೆದರೆ ಗುಳಿಗೆ ಹೆಚ್ಚು ಖರ್ಚಾಗುತ್ತದಲ್ಲ. ಶ್ರೀರಾಮನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗೆಳೆಯನೊಬ್ಬನಿಗೆ ಫೋನು ಮಾಡಿ ಮನೆತನದ ಬಗ್ಗೆ ವಿಚಾರಿಸಲು ಹೇಳಿದೆ. ಅವನು ಸಂಜೆಗೇ ಫೋನು ಮಾಡಿದ.

‘ಆಕಿ ತಮ್ಮಂದು ರೈಸ್ ಮಿಲ್ ಐತಂತಪಾ.’

‘ಹಾಂ! ಕರೆಂಟಿನ ತಕರಾರು ಇರಬೇಕು ನೋಡು.’

‘ಇಲ್ಲಪಾ, ಮಿಲ್ ಛಲೋ ನಡದೈತಿ.’

‘ಜಾಗಾದ ತಕರಾರು?’

‘ಅದೂ ಇಲ್ಲ. ಹುಸೇನಾ, ಆ ಮಂದಿ ಭಾಳ ಸಭ್ಯಸ್ತರಂತ. ನೀ ಯಾಕ ಕೇಳಾಕತ್ತೀದಿ? ಮಗಗ ಹೆಣ್ಣು ನೋಡಾಕತ್ತೀಯೇನು?’

ಫೋನು ಇಟ್ಟೆ. ಒಬ್ಬ ಮನುಷ್ಯನ ಬಗ್ಗೆ ಕೆಟ್ಟದ್ದೇನೂ ಸಿಗದಿದ್ದಾಗ ಆಗುವ ನಿರಾಶೆ ಅನುಭವಿಸಿದವರಿಗೇ ಗೊತ್ತು.

ಉಳಿದದ್ದು ಒಂದೇ ದಾರಿ. ಸಂಶೋಧನೆಯೇ ಸುಳ್ಳೆಂದು ತೋರಿಸಿಬಿಟ್ಟರೆ ಡಾಕ್ಟರಮ್ಮನ ಕಾಟ ತಪ್ಪುತ್ತದೆ. ಅದಕ್ಕೆ ನನಗೆ ನೆನಪಾದದ್ದು ನನ್ನ ಅಕ್ಕ ಮಾಬೂಬಿ. ಕುಕನೂರಿನ ಆಚೆ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅಪ್ಪ ಬಿಟ್ಟುಹೋದ ತುಂಡು ಹೊಲ ನೋಡಿಕೊಂಡು, ಉಳಿದ ದಿನ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಅವಳ ಊರಿನಲ್ಲೇ ಸರಕಾರಿ ದವಾಖಾನೆ ಇದೆ. ಆದರೂ ತಲೆನೋವು ಬಂದರೆ ಸೂಜಿ ಡಾಕ್ಟರನ ಹತ್ತಿರ ಓಡುತ್ತಾಳೆ. ತಿಳುವಳಿಕೆ ಇಲ್ಲದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ಅಕ್ಕನನ್ನು ಆಪಾ ಎನ್ನುವ ನಮ್ಮ ಮನೆಯ ಮಾತು ದಖನಿ. ಆದರೆ ಬೈಯುವಾಗ ಮಾತ್ರ ಆಪಾಗೆ ಕನ್ನಡವೇ ಆಗಬೇಕು. ನಾನು ಅವಳ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದೆ. ಹೊತ್ತು ಇಳಿದ ಮೇಲೆ ಹೊಲದಿಂದ ಬಂದಳು. ನನ್ನನ್ನು ನೋಡಿದಳು, ಬಾಳೆಹಣ್ಣು ನೋಡಿದಳು, ಅಂಗಳದಲ್ಲೇ ನಿಂತಳು. ಕನ್ನಡದಲ್ಲಿ ಶುರುಮಾಡಿದಳು.

‘ಯಾಕ ಬಂದಿ?’

‘ಸುಮ್ನ ಬಂದೆ ಆಪಾ. ನಿನ್ನ ಆರೋಗ್ಯ ಹೆಂಗೈತಿ ಅಂತ ಕೇಳೋಣಂತ.’

‘ನನ್ನ ಆರೋಗ್ಯ ಕೇಳಾಕ ಬಂದ್ಯೋ, ನಾ ಯಾವಾಗ ಸಾಯ್ತೀನಿ ಅಂತ ಕೇಳಾಕ ಬಂದ್ಯೋ? ಹೊಲದಾಗ ಪಾಲು ಬೇಕಂದ್ರ ಬಾಯಿಬಿಟ್ಟು ಕೇಳು. ಬಾಳಿಹಣ್ಣು ಯಾಕ ತಂದಿ?’

ಅಲ್ಲಾನ ಆಣೆ ಮಾಡಿ ಹೇಳಿದೆ, ಹೊಲದ ಮಾತೇ ಅಲ್ಲ, ಒಂದು ಸಂಶೋಧನೆಯ ವಿಷಯ ಎಂದು. ಆಗ ಅವಳ ಸಂಶಯ ಇನ್ನೂ ಹೆಚ್ಚಾಯಿತು. ‘ಹಂಗಾರ ಎಲೆಕ್ಷನ್ ಬಂತೇನು?’ ಎಂದಳು.

ಅವಳು ಒಳಗೆ ಹೋಗುವಾಗ ನೋಡಿದೆ, ಕುಂಟುತ್ತಿದ್ದಳು. ಎಡಗಾಲಿನ ಹೆಬ್ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು. ಬಿಚ್ಚು ಎಂದರೆ ಬಿಚ್ಚಲೊಲ್ಲಳು. ಸೊಸೆ ಮೆಲ್ಲಗೆ ಹೇಳಿದಳು, ಹೊಲದಲ್ಲಿ ಏನೋ ಚುಚ್ಚಿತ್ತಂತೆ, ಗಾಯ ಮಾಯುತ್ತಿಲ್ಲ, ಸೂಜಿ ಡಾಕ್ಟರು ದಿನ ಬಿಟ್ಟು ದಿನ ಸೂಜಿ ಮಾಡಿ ಒಂದು ಕೆಂಪು ಗುಳಿಗೆ ಕೊಡುತ್ತಿದ್ದಾನೆ. ನನಗೆ ಸಿಟ್ಟು ಬಂತು. ‘ಊರಾಗ ಸರಕಾರಿ ದವಾಖಾನಿ ಇಟ್ಕೊಂಡು ಅವನ ಹತ್ರ ಯಾಕ ಹೋಗ್ತಿ?’ ಎಂದು ಜೋರು ಮಾಡಿದೆ.

‘ನಾನು ಹೊಲಕ್ಕ ಹೋದ ಮ್ಯಾಲೆ ಅದು ಬಾಗಲಾ ತಗೀತೈತಿ. ನಾ ಬರೂದರಾಗ ಕೀಲಿ ಹಾಕ್ಕೊಂಡು ಹೋಗಿರ್ತೈತಿ’ ಎಂದಳು ಆಪಾ. ‘ನಾವಿಬ್ರೂ ಒಬ್ಬರ ಮಕ ಒಬ್ರು ನೋಡೇ ಇಲ್ಲ.’

ನಾನು ಅಷ್ಟಕ್ಕೆ ನಂಬುವವನಲ್ಲ. ಎದ್ದು ಹೋಗಿ ನೋಡಿಕೊಂಡು ಬಂದೆ. ದವಾಖಾನೆಯ ಗೇಟಿಗೆ ಬೀಗ ಬಿದ್ದಿತ್ತು, ಒಳಗೆ ಒಂದು ನಾಯಿ ಆರಾಮಾಗಿ ಮಲಗಿತ್ತು. ಅಲ್ಲಿಂದ ಓಣಿ ತಿರುಗಿದರೆ ಸೂಜಿ ಡಾಕ್ಟರನ ಕೋಣೆ. ಹೊರಗಿನ ಕಟ್ಟೆಯ ತುಂಬ ಹೊಲದಿಂದ ಬಂದ ಹೆಂಗಸರು. ಕಾಲಿನ ಮಣ್ಣು ಇನ್ನೂ ಆರಿರಲಿಲ್ಲ. ಡಾಕ್ಟರಮ್ಮ ಹೇಳಿದ್ದಕ್ಕೂ ನಾನು ಕಂಡದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದು ನನಗೆ ಬಹಳ ಬೇಸರ ತಂದಿತು.

ಮರುದಿನ ಆಪಾಳನ್ನು ಕೊಪ್ಪಳಕ್ಕೆ ಕರೆದೊಯ್ಯಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ದಾರಿಯುದ್ದಕ್ಕೂ, ‘ನನ್ನ ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿಸಾಕ ಕರಕೊಂಡು ಹೊಂಟೀದಿ, ಖರೇ ಹೇಳು’ ಎನ್ನುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಗಾಯ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನು ಪಕ್ಕಕ್ಕೆ ಕರೆದರು. ಸಕ್ಕರೆ ಕಾಯಿಲೆ ಬಂದು ಬಹಳ ದಿನ ಆಗಿದೆ, ಯಾರೂ ನೋಡಿಲ್ಲ, ಇನ್ನು ಸ್ವಲ್ಪ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು. ‘ಇಷ್ಟು ದಿನ ಏನು ಮಾಡ್ತಿದ್ರಿ?’ ಎಂದು ಬೈದರು. ಏನು ಮಾಡುತ್ತಿದ್ದೆ ಎಂದು ಹೇಳಲಿ? ಡಾಕ್ಟರಮ್ಮನಿಗೆ ‘ನಾಳಿ ಬರ್ರಿ’ ಎನ್ನುತ್ತಿದ್ದೆ. ಆಪಾ ಹೊರಗೆ ಬಂದವಳೇ, ‘ಈ ಡಾಕ್ಟರ್ ಒಂದೂ ಸೂಜಿ ಮಾಡ್ಲಿಲ್ಲ, ಬರೇ ಪಟ್ಟಿ ಕಟ್ಟಿದ. ಖರೇ ಡಾಕ್ಟರ್ ಹೌದೋ ಅಲ್ಲೋ, ನೋಡಿಯೇನು?’ ಎಂದಳು. ಅವಳ ಕಾಲು ಹಿಡಿದು ಆಟೋದಲ್ಲಿ ಕೂರಿಸುವಾಗ ನನ್ನ ಕಣ್ಣು ಯಾಕೋ ಮಂಜಾಯಿತು. ‘ಅಳಬ್ಯಾಡ, ಹೊಲದಾಗ ಪಾಲು ಕೊಡ್ತೀನಿ’ ಎಂದಳು.

ಕಚೇರಿಗೆ ಬಂದವನೇ ಆ ಎರಡು ಹಾಳೆಗಳನ್ನು ಸಾಹೇಬರ ಮುಂದಿಟ್ಟೆ. ‘ಸಾಹೇಬ್ರ, ಇದನ್ನೊಂದು ನೋಡ್ರಿ. ಭಾಳ ಛಲೋ ಐತಿ.’

ಸಾಹೇಬರು ಹಾಳೆ ನೋಡಲಿಲ್ಲ, ನನ್ನನ್ನು ನೋಡಿದರು. ‘ಹುಸೇನಾ, ನೀ ಇಷ್ಟು ವರ್ಷದಾಗ ಒಂದನ್ನೂ ಛಲೋ ಐತಿ ಅಂದಾಂವಲ್ಲ. ಯಾರು ಈಕಿ? ನಿಮ್ಮ ಪೈಕಿಯೇನು?’

‘ಅಲ್ರಿ, ಶ್ರೀರಾಮನಗರದವ್ರು.’

‘ಹಂಗಾರ ಇದರಾಗ ನಿನಗೇನೈತಿ?’

‘ಏನೂ ಇಲ್ರಿ ಸಾಹೇಬ್ರ.’

ಆಪಾಳ ಕಾಲಿನ ವಿಷಯ ಹೇಳಿದರೆ, ನಿಮ್ಮ ಅಕ್ಕನ ಸಲುವಾಗಿ ತಾಲ್ಲೂಕಿನ ದವಾಖಾನೆಗಳ ಹೊತ್ತು ಬದಲಿಸಬೇಕೇನು ಎನ್ನುತ್ತಾರೆ. ಹೇಳದಿದ್ದರೆ ಕಾರಣವೇ ಇಲ್ಲ. ಕಾರಣ ಇಲ್ಲದ ಮನುಷ್ಯನನ್ನು ನಾನೇ ನಂಬುವುದಿಲ್ಲ, ಅವರು ಹೇಗೆ ನಂಬಿಯಾರು?

ಸುದ್ದಿ ಹಬ್ಬಿತು. ಹೊಸ ಕಟ್ಟಡದ ಮೇಲೆ ಕಣ್ಣಿಟ್ಟಿದ್ದ ಗುತ್ತಿಗೆದಾರರು ನನಗೆ ನಮಸ್ಕಾರ ಮಾಡುವುದನ್ನು ನಿಲ್ಲಿಸಿದರು. ಸಾಹೇಬರ ಡ್ರೈವರು, ‘ಅಣ್ಣಾ, ನೀವು ಆ ಕಡೆ ಪಾರ್ಟಿಗೆ ಹೊಂಟೀರಂತ, ನನಗೂ ಒಂದು ಮಾತು ಹೇಳಬೇಕಿಲ್ಲೇನ್ರಿ?’ ಎಂದ. ಮನೆಯಲ್ಲಿ ಶಮೀಮ್ ಊಟಕ್ಕೆ ಬಡಿಸುತ್ತ, ‘ನಮ್ಮ ಅಣ್ಣನ ವರ್ಗಾವಣಿಗೆ ನೀವು ಇಷ್ಟು ಓಡ್ಯಾಡಲಿಲ್ಲ. ಆ ಡಾಕ್ಟರಮ್ಮಗ ವಯಸ್ಸೆಷ್ಟು?’ ಎಂದು ಕೇಳಿದಳು. ಜೀವನದಲ್ಲಿ ಒಮ್ಮೆ ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದಕ್ಕೆ, ಕಂಡವರೆಲ್ಲ ನನ್ನ ಬೆನ್ನ ಹಿಂದೆ ಏನಿದೆ ಎಂದು ಇಣುಕುವಂತಾಯಿತು.

ಕೊನೆಗೂ ಡಾಕ್ಟರಮ್ಮನನ್ನು ಸಾಹೇಬರ ಮುಂದೆ ಕೂರಿಸಿದೆ. ನಾನೂ ಬಾಗಿಲ ಬಳಿ ನಿಂತೆ. ಸಾಹೇಬರು ಕನ್ನಡಕ ಹಾಕಿಕೊಂಡು ಎರಡೂ ಹಾಳೆ ಓದಿದರು. ಆಮೇಲೆ ಹೇಳಿದರು, ‘ಅಲ್ಲವಾ ತಂಗಿ, ಕಟ್ಟಡ ಕಟ್ಟಿದ್ರ ಅಡಿಗಲ್ಲು ಹಾಕ್ತೀವಿ, ನನ್ನ ಹೆಸರು ಬರ್ತೈತಿ. ಇದ್ದ ಬಾಗಲಾ ಎರಡು ತಾಸು ಹೆಚ್ಚಿಗಿ ತಗದದ್ದಕ್ಕ ಯಾರರ ಕಲ್ಲು ಹಾಕ್ತಾರೇನು?’

‘ಕಟ್ಟಡ ಬ್ಯಾಡ ಅನ್ನಂಗಿಲ್ರಿ. ಈಗಿರೋ ಬಾಗಲಾ ತಗದ ಮ್ಯಾಲೆ ಜಾಗಾ ಸಾಲಲಿಲ್ಲಂದ್ರ ಆವಾಗ ಕಟ್ಟಸ್ರಿ.’

ಸಾಹೇಬರು ಸುಮ್ಮನೆ ಕೇಳುವವರಲ್ಲ. ಮುಂಜಾನೆಯ ಡಾಕ್ಟರೇ ಸಂಜೆಗೂ ಇರಬೇಕೆಂದರೆ ಒಪ್ಪುತ್ತಾರೆಯೇ, ನರ್ಸ್ ಬಾಯಿಗಳು ಕತ್ತಲಲ್ಲಿ ಮನೆಗೆ ಹೋಗುವುದು ಹೇಗೆ, ಹಳ್ಳಿಗೆ ಸಂಜೆಯ ಬಸ್ಸು ಇದೆಯೇ, ಒಂದೊಂದಾಗಿ ಕೇಳಿದರು. ಡಾಕ್ಟರಮ್ಮನೂ ಒಂದೊಂದಕ್ಕೇ ಉತ್ತರ ಕೊಟ್ಟರು. ಕೊನೆಗೆ ಸಾಹೇಬರು ಕನ್ನಡಕ ತೆಗೆದು, ‘ಎಲ್ಲಾ ಖರೇ. ಸಂಜಿಮುಂದ ತೆರೆದಿಟ್ರ ಮಂದಿ ಬಂದ ಬರ್ತಾರ ಅಂತ ಖಾತ್ರಿ ಐತೇನು?’ ಎಂದರು.

‘ಗೊತ್ತಿಲ್ರಿ’ ಎಂದರು ಡಾಕ್ಟರಮ್ಮ.

ನಾನು ಬಾಗಿಲಲ್ಲೇ ತಲೆ ಚಚ್ಚಿಕೊಂಡೆ. ಇಷ್ಟು ದೂರ ತಂದ ಬಂಡಿಯನ್ನು ಈಕೆ ತಾನೇ ಗುಂಡಿಗೆ ಇಳಿಸಿದರಲ್ಲ!

‘ಬರಬಹುದು ಅನ್ನೋದು ನಮ್ಮ ಅಂದಾಜು’ ಎಂದು ಅವರು ಮುಂದುವರಿಸಿದರು. ‘ಒಂದೆರಡು ಊರಾಗ ಮಾಡಿ ನೋಡ್ರಿ. ಬರಲಿಲ್ಲಂದ್ರ ನಾನ ಬಂದು ಬರಲಿಲ್ರಿ ಅಂತ ಹೇಳ್ತೀನಿ.’

ಸಾಹೇಬರು ನನ್ನ ಕಡೆ ತಿರುಗಿದರು. ‘ಹುಸೇನಾ, ನನ್ನ ಮುಂದ ಕುಂತು ಗೊತ್ತಿಲ್ಲ ಅಂದೋರು ಇವ್ರೊಬ್ರ ನೋಡು. ಉಳಿದೋರೆಲ್ಲ ಎಲ್ಲಾ ಗೊತ್ತೈತಿ ಅಂತ ಹೇಳಿ ಹೇಳಿ ನನ್ನ ಹಾಳು ಮಾಡೀರಿ. ಪತ್ರ ತಯಾರ ಮಾಡು.’

ಅಧಿವೇಶನದಲ್ಲೂ ಸಾಹೇಬರು ಅದನ್ನೇ ಮಾತಾಡಿದರು. ಕೆಲವು ತಿಂಗಳ ಓಡಾಟದ ಮೇಲೆ ಎರಡು ಊರಿನ ದವಾಖಾನೆಗಳನ್ನು ಪ್ರಯೋಗಕ್ಕೆಂದು ಸಂಜೆಯೂ ತೆರೆಯಲು ಒಪ್ಪಿಗೆ ಬಂತು. ಊರುಗಳನ್ನು ಆರಿಸಿದವರು ಡಾಕ್ಟರಮ್ಮನ ಕಡೆಯವರು. ಅದರಲ್ಲಿ ಆಪಾಳ ಊರೂ ಒಂದು. ನಾನು ಅದರಲ್ಲಿ ಕೈಯಾಡಿಸಿಲ್ಲ. ನೀವು ನಂಬುವುದಿಲ್ಲವೆಂದು ನನಗೆ ಗೊತ್ತು. ಕಲ್ಲಿನ ಆಸೆಯನ್ನು ಮಾತ್ರ ಸಾಹೇಬರು ಬಿಡಲಿಲ್ಲ. ದವಾಖಾನೆಯ ಗೇಟಿನ ಪಕ್ಕ ಒಂದು ಕರಿಕಲ್ಲು ನಿಲ್ಲಿಸಿ, ಮೇಲೆ ತಮ್ಮ ಹೆಸರು, ಕೆಳಗೆ ಬಾಗಿಲು ತೆರೆಯುವ ಹೊತ್ತು ಕೆತ್ತಿಸಿದರು.

ಮೊದಲ ದಿನಗಳಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಸರಕಾರದವರು ಕತ್ತಲಾದ ಮೇಲೂ ಕೆಲಸ ಮಾಡುತ್ತಾರೆಂದರೆ ಊರಿಗೆ ಸಂಶಯ. ಆಪರೇಷನ್ ಮಾಡಲು ಹಿಡಿಯುತ್ತಾರೆ ಎಂದು ಕೆಲವರು, ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೆ ಎಂದು ಕೆಲವರು. ಆಪಾ ಫೋನು ಮಾಡಿ ಕೇಳಿದಳು, ‘ಹುಸೇನಾ, ದವಾಖಾನಿ ಮುಂದ ಕಲ್ಲು ನಿಲ್ಲಿಸ್ಯಾರಲ್ಲ, ಅದರ ಕೆಳಗ ಯಾರನ್ನ ಹುಗದಾರ?’ ನಾನು ಸಿಟ್ಟಿಗೆದ್ದು, ‘ಯಾರನ್ನೂ ಹುಗದಿಲ್ಲ, ನೀ ಹೋಗಿ ಸಕ್ಕರಿ ತೋರಿಸಿಕೊಂಡು ಬಾ’ ಎಂದೆ. ಹೋದಳು, ನನ್ನ ಮೇಲಿನ ನಂಬಿಕೆಯಿಂದಲ್ಲ, ಒಳಗೆ ಏನು ನಡೆದಿದೆ ಎಂದು ಪತ್ತೆ ಹಚ್ಚಲು. ತಿರುಗಿ ಬಂದು ಓಣಿಯವರ ಮುಂದೆ, ‘ಬೆರಳಿಗೆ ಚುಚ್ಚಿ ರಕ್ತ ನೋಡಿದ್ರು, ಗುಳಿಗಿ ಕೊಟ್ರು, ರೊಕ್ಕ ಕೇಳ್ಲಿಲ್ಲ. ಏನೋ ಐತಿ, ಆದ್ರ ಏನು ಅಂತ ಇನ್ನೂ ತಿಳೀವಲ್ದು’ ಎಂದು ಸಾರಿದಳಂತೆ. ಆ ‘ಏನೋ’ ಏನೆಂದು ನೋಡಲು ಮರುದಿನ ಅರ್ಧ ಓಣಿ ಹೋಯಿತು. ಈಗ ಸಂಜೆ ಹೊತ್ತು ಅಲ್ಲಿ ಬೆಂಚಿನ ಮೇಲೆ ಜಾಗ ಸಿಗುವುದಿಲ್ಲ. ಇನ್ನೊಂದು ಊರಿನಲ್ಲಿ ಅಷ್ಟು ಜನ ಬರುತ್ತಿಲ್ಲ. ಡಾಕ್ಟರಮ್ಮ ಹೇಳಿದಂತೆಯೇ ಬಂದು, ‘ಅಲ್ಲಿ ಬರವಲ್ರರಿ, ಯಾಕಂತ ನೋಡಾಕತ್ತೀವಿ’ ಎಂದು ಸಾಹೇಬರಿಗೆ ಹೇಳಿ ಹೊರಬಂದರು.

ಅವತ್ತು ಹೋಗುವ ಮುನ್ನ ನನ್ನ ಮುಂದೆ ಕುಳಿತು, ‘ಹುಸೇನಸಾಬ್ರ, ನಿಮ್ಮ ಹತ್ರ ಒಂದು ಕೇಳೋದೈತ್ರಿ’ ಎಂದರು.

ಬಂತು! ಇಷ್ಟು ದಿನ ಕಾದದ್ದು ಸಾರ್ಥಕವಾಯಿತು. ಮೈಯೆಲ್ಲ ಹಗುರಾಯಿತು. ‘ಕೇಳ್ರಿ, ಕೇಳ್ರಿ. ವರ್ಗಾವಣೆಯೇನು?’ ಎಂದೆ.

‘ಅಲ್ರಿ. ನಾನು ಇನ್ನೊಂದು ಸಂಶೋಧನಿ ಶುರು ಮಾಡೀನಿ. ನಮ್ಮಂಥೋರು ಕಂಡುಕೊಂಡಿದ್ದು ಶಾಸಕರ ತನಕ ಹೆಂಗ ಹೋಗ್ತೈತಿ, ನಡುವ ಎಲ್ಲಿ ನಿಂತುಬಿಡ್ತೈತಿ ಅಂತ. ನೀವು ಒಪ್ಪಿದ್ರ ನಿಮ್ಮ ಜೊತಿ ಒಂದು ತಾಸು ಮಾತಾಡ್ತೀನಿ. ನಿಮ್ಮ ಹೆಸರು ಎಲ್ಲೂ ಹಾಕಂಗಿಲ್ರಿ. ಬ್ಯಾಡಂದ್ರ ಬ್ಯಾಡ.’

ಈಗ ಶುರು ಮಾಡಿದ್ದಂತೆ! ಮೊದಲ ದಿನದಿಂದಲೇ ಶುರುವಾಗಿರಬೇಕು ಎಂದು ನನಗೆ ಈಗಲೂ ಅನುಮಾನ. ಆದರೂ ಒಪ್ಪಿದೆ. ಮಾತೆಲ್ಲ ಮುಗಿದ ಮೇಲೆ ತಡೆಯಲಾರದೆ ಕೇಳಿದೆ, ‘ಡಾಕ್ಟರಮ್ಮಾರ, ಹಂಗಾರ ನಡುವ ಎಲ್ಲಿ ನಿಲ್ತೈತ್ರಿ?’

ಅವರು ಸಾಹೇಬರ ಬಾಗಿಲಿಗೆ ಅಡ್ಡಲಾಗಿ ಹಾಕಿಕೊಂಡಿದ್ದ ನನ್ನ ಕುರ್ಚಿಯನ್ನು ಒಮ್ಮೆ ನೋಡಿ, ಚೀಲ ಎತ್ತಿಕೊಂಡು, ನಮಸ್ಕಾರ ಮಾಡಿ ಹೋದರು.

ಅವತ್ತೆಲ್ಲ ನನಗೆ ಆ ಕುರ್ಚಿಯಲ್ಲಿ ಕುಳಿತು ಸಮಾಧಾನವಾಗಲಿಲ್ಲ. ಮರುದಿನ ಬೇಗ ಬಂದು ಅದನ್ನು ಕಿಟಕಿಯ ಕಡೆ ಸರಿಸಿದೆ. ಯಾರಾದರೂ ನನ್ನ ಮೊಣಕಾಲು ದಾಟದೆ ಒಳಗೆ ಹೋಗಬಹುದಾದಷ್ಟು ದಾರಿಯಾಯಿತು. ಸಾಹೇಬರು ಬಂದವರು ನಿಂತರು. ಕುರ್ಚಿ ನೋಡಿದರು, ಖಾಲಿಯಾದ ಜಾಗ ನೋಡಿದರು.

‘ಕುರ್ಚಿ ಯಾಕ ಸರಿಸೀದಿ?’

‘ಸುಮ್ನರಿ ಸಾಹೇಬ್ರ. ಗಾಳಿ ಬರ್ಲಿ ಅಂತ.’

‘ಹೂಂ’ ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಡ್ರೈವರನನ್ನು ಕರೆಸಿಕೊಂಡರು. ಬಾಗಿಲು ಅರ್ಧ ತೆರೆದೇ ಇತ್ತು. ಸಾಹೇಬರು ದನಿ ತಗ್ಗಿಸಿ ಕೇಳುತ್ತಿದ್ದುದು ಕಿಟಕಿಯ ಬಳಿಯಿಂದಲೂ ನನಗೆ ಸ್ಪಷ್ಟವಾಗಿ ಕೇಳಿಸಿತು: ‘ಇತ್ತಿತ್ಲಾಗ ಹುಸೇನ ಯಾರ್‍ಯಾರನ್ನ ಭೆಟ್ಟಿ ಆಗಾಕತ್ಯಾನ, ಸ್ವಲ್ಪ ನೋಡಿ ಹೇಳು.’